ಬಲಮುರಿಯ ಹೆಪ್ಪು

ಮೈಸೂರಿನ ಕಿಟಕಿಗಳಿಗೆ ತಂಪುಹಾಳೆ ಅಂಟಿಸತೊಡಗಿ ಹದಿನಾಲ್ಕು ತಿಂಗಳಾಗಿತ್ತು. ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಚಂದ್ರಗಿರಿ ಬಡಾವಣೆಯ ಮನೆಯೊಂದರಿಂದ ಕತ್ತರಿಸಿ ತಂದ ಹಾಳೆಯ ತುಣುಕನ್ನು ಶಿವಲೀಲಾ ಸಂಶೋಧನಾಲಯದ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅದು ವಾಡಿಕೆಯ ತಪಾಸಣೆ. ತಿಂಗಳಿಗೊಮ್ಮೆ ಹತ್ತು ಮನೆಗಳಿಂದ ಹತ್ತು ತುಣುಕು ಬರುತ್ತಿದ್ದವು. ಬಿಸಿಲಿಗೆ ಪದರ ಬಿರಿದಿದೆಯೆ, ಬಣ್ಣ ಮಾಸಿದೆಯೆ ಎಂದು ನೋಡಿ, ಸರಿಯಿದೆ ಎಂದು ಬರೆದು ರುಜು ಹಾಕಿದರೆ ಮುಗಿಯಿತು. ಇಪ್ಪತ್ತಮೂರು ವರ್ಷದಿಂದ ದ್ರವಸ್ಫಟಿಕಗಳನ್ನೇ ನೋಡುತ್ತ ಬಂದವಳಿಗೆ ಅದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸಲೀಸಿನ ಕೆಲಸ. ಆ ದಿನ ಮಾತ್ರ ಒಂದೇ ತುಣುಕಿನ ಮೇಲೆ ಎರಡು ಗಂಟೆ ಕೂತಳು.

ದ್ರವಸ್ಫಟಿಕ ನೀರಿನಂತೆ ಹರಿಯುತ್ತದೆ, ಆದರೆ ಅದರೊಳಗಿನ ಅಣುಗಳು ಹರಳಿನಲ್ಲಿದ್ದಂತೆ ಶಿಸ್ತಾಗಿರುತ್ತವೆ. ಕಡ್ಡಿಯಂಥ ಅಣುಗಳು, ಕಾಲುವೆಯಲ್ಲಿ ತೇಲಿಬಿಟ್ಟ ಬಿದಿರ ತುಂಡುಗಳ ಹಾಗೆ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿರುತ್ತವೆ. ಅದಕ್ಕೆ ಕೈಯುಳ್ಳ ಅಣುವನ್ನು ಒಂದು ಚಿಟಿಕೆ ಬೆರೆಸಿದರೆ ಚಿತ್ರವೇ ಬದಲಾಗುತ್ತದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೇಗೆ ಹೊಂದುವುದಿಲ್ಲವೋ ಹಾಗೆ ಕೆಲವು ಅಣುಗಳು ಕನ್ನಡಿಯಲ್ಲಿನ ತಮ್ಮ ರೂಪಕ್ಕೇ ಹೊಂದುವುದಿಲ್ಲ. ಅವುಗಳಲ್ಲಿ ಎಡಗೈಯವು ಇವೆ, ಬಲಗೈಯವು ಇವೆ. ಬಲಗೈಯದನ್ನು ಬೆರೆಸಿದರೆ ಪ್ರತಿ ಪದರವೂ ಕೆಳಗಿನ ಪದರಕ್ಕಿಂತ ಒಂದಿಷ್ಟು ಬಲಕ್ಕೆ ತಿರುಗಿ, ಇಡೀ ದ್ರವವೇ ಸುರುಳಿ ಮೆಟ್ಟಿಲಾಗಿ ನಿಲ್ಲುತ್ತದೆ. ಮೆಟ್ಟಿಲಿನ ಒಂದು ಸುತ್ತು ಎಷ್ಟು ಎತ್ತರವೋ ಅದಕ್ಕೆ ತಕ್ಕ ಬೆಳಕನ್ನು ಅದು ಹಿಂದಕ್ಕೆ ಎಸೆಯುತ್ತದೆ. ಎತ್ತರವನ್ನು ಸರಿಯಾಗಿ ಹೊಂದಿಸಿದರೆ ಬಿಸಿಲಿನ ಶಾಖವನ್ನೇ ಎಸೆಯುವಂತೆ ಮಾಡಬಹುದು. ತಂಪುಹಾಳೆಯ ಗುಟ್ಟು ಇಷ್ಟೇ.

ತೊಡಕೊಂದಿತ್ತು. ಬಲಸುರುಳಿ ಹಿಂದಕ್ಕೆ ಎಸೆಯುವುದು ಶಾಖದಲ್ಲಿ ಬಲಕ್ಕೆ ತಿರುಚುವ ಅರ್ಧವನ್ನು ಮಾತ್ರ. ಉಳಿದ ಅರ್ಧಕ್ಕೆ ಎಡಸುರುಳಿಯ ಪದರವೂ ಬೇಕು. ಎಡಗೈ ಅಣು ಸುಲಭವಾಗಿ ಸಿಕ್ಕುತ್ತಿತ್ತು. ಬಲಗೈಯದನ್ನು ಕಟ್ಟಲು ರಸಾಯನ ವಿಭಾಗದ ಬೋಪಯ್ಯ ಆರು ವರ್ಷ ತೆಗೆದುಕೊಂಡ. ಕಾವೇರಿ ದಡಕ್ಕೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋಗಿದ್ದಾಗ ಅಲ್ಲಿನ ಎರಡು ಜಲಪಾತಗಳ ಹೆಸರನ್ನೇ ಆ ಪದರಗಳಿಗೂ ಇಟ್ಟರು. ಒಳಗಿನದು ಎಡಮುರಿ, ಹೊರಗಿನದು ಬಲಮುರಿ. ಬೋಪಯ್ಯನ ಅಣುವಿನ ಬಲ ಎಷ್ಟೆಂದರೆ ಲಕ್ಷಕ್ಕೆ ಒಂದು ಪಾಲು ಬೆರೆಸಿದರೂ ಇಡೀ ದ್ರವ ಬಲಕ್ಕೆ ತಿರುಗುತ್ತಿತ್ತು. ಎರಡೂ ಪದರ ಸೇರಿದ ಹಾಳೆಯನ್ನು ಅಂಟಿಸಿದ ಕೋಣೆ, ಕರೆಂಟಿನ ಹಂಗಿಲ್ಲದೆ, ಎಂಟು ಡಿಗ್ರಿ ತಣ್ಣಗಾಗುತ್ತಿತ್ತು. ಹಾಳೆ ಬರುವುದಕ್ಕೆ ಎರಡು ವರ್ಷ ಹಿಂದಿನ ಮೇ ತಿಂಗಳಲ್ಲಿ ಹನ್ನೊಂದು ದಿನ ಬೀಸಿದ ಬಿಸಿಗಾಳಿಗೆ ಊರಿನಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಹಾಳೆ ಬಂದ ಮೇಲಿನ ಬೇಸಿಗೆಯಲ್ಲಿ, ಹಾಳೆ ಇದ್ದ ಮನೆಗಳಲ್ಲಿ ಒಬ್ಬರೂ ಸಾಯಲಿಲ್ಲ. ಈಗ ನಲವತ್ತೊಂದು ಸಾವಿರ ಮನೆಗಳಿಗೆ ಹಾಳೆ ಬಿದ್ದಿತ್ತು.

ಸೂಕ್ಷ್ಮದರ್ಶಕದ ಮೇಲಿನ ಗಾಜನ್ನು ತಿರುಗಿಸಿದಾಗ ಬಣ್ಣ ನೀಲಿಯ ಕಡೆ ಸರಿದರೆ ಒಂದು ಮುರಿ, ಕೆಂಪಿನ ಕಡೆ ಸರಿದರೆ ಇನ್ನೊಂದು. ಶಿವಲೀಲಾ ನೋಡುತ್ತಿದ್ದದ್ದು ಎಡಮುರಿ ಪದರ. ಬಣ್ಣ ಸರಿಯುತ್ತಿದ್ದದ್ದು ಬಲಮುರಿಯ ಕಡೆ. ತುಣುಕನ್ನು ಮಗುಚಿ ಇಟ್ಟಿರಬಹುದೇ ಎಂದುಕೊಂಡವಳು ತನ್ನ ಪೆದ್ದುತನಕ್ಕೆ ತಾನೇ ನಕ್ಕಳು. ಸುರುಳಿ ಮೆಟ್ಟಿಲನ್ನು ಮೇಲಿನಿಂದ ನೋಡಿದರೂ ಕೆಳಗಿನಿಂದ ನೋಡಿದರೂ ಅದು ತಿರುಗುವ ಕೈ ಬದಲಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹತ್ತೂ ತುಣುಕು ನೋಡಿದ್ದಳು. ಏಳರಲ್ಲಿ ಎಡಮುರಿ ಪೂರ್ತಿ ಬಲಕ್ಕೆ ತಿರುಗಿತ್ತು. ಮೂರರಲ್ಲಿ ಅಂಚಿನಿಂದ ತಿರುಗುತ್ತ ಬರುತ್ತಿತ್ತು.

ಎರಡು ಪದರಗಳೂ ಸೋರಿ ಬೆರೆತಿದ್ದರೆ ಒಂದನ್ನೊಂದು ಹೊಡೆದುಹಾಕಿ ಸುರುಳಿ ಬಿಚ್ಚಿಹೋಗಬೇಕಿತ್ತು, ಬಣ್ಣವೇ ಉಳಿಯಬಾರದಿತ್ತು. ಇಲ್ಲಿ ಬಣ್ಣ ಮೊದಲಿಗಿಂತ ಗಾಢವಾಗಿತ್ತು. ಎಡಗೈ ಅಣುಗಳು ಎಲ್ಲೂ ಹೋಗಿರಲಿಲ್ಲ. ಅವೇ ಬಲಗೈಯವಾಗಿಬಿಟ್ಟಿದ್ದವು.

* * *

ಶಿವಲೀಲಾ ಇದ್ದದ್ದು ಅದೇ ಚಂದ್ರಗಿರಿ ಬಡಾವಣೆಯಲ್ಲಿ, ಅಕ್ಕ ಗಂಗಾಂಬಿಕೆಯ ಜೊತೆ. ತಾಯಿ ಬೇಗ ತೀರಿಕೊಂಡದ್ದರಿಂದ ಹನ್ನೆರಡು ವರ್ಷಕ್ಕೆ ಹಿರಿಯಳಾದ ಗಂಗಕ್ಕನೇ ತಂಗಿಯನ್ನು ಸಾಕಿ, ಓದಿಸಿ, ತಾನು ಮದುವೆಯ ಮಾತೆತ್ತದೆ ಉಳಿದಿದ್ದಳು. ಮಂಡಿ ಮೊಹಲ್ಲಾದ ಊದುಬತ್ತಿ ಕಾರ್ಖಾನೆಯಲ್ಲಿ ನಲವತ್ತು ವರ್ಷದಿಂದ ಪರಿಮಳ ಹದಮಾಡುವ ಕೆಲಸ ಅವಳದು. ಹಾಲ್ಮಡ್ಡಿ, ಲಾವಂಚ, ಕಚೋರ ಯಾವುದು ಎಷ್ಟಿರಬೇಕೆಂದು ಅವಳ ಮೂಗೇ ಹೇಳಬೇಕು. ಕಾರ್ಖಾನೆಯ ಸಾಹುಕಾರರು ಯಂತ್ರ ತಂದಿಟ್ಟಿದ್ದರೂ ಕೊನೆಗೆ ಕೇಳುತ್ತಿದ್ದದ್ದು ಗಂಗಮ್ಮನವರನ್ನೇ.

ಆ ಸಂಜೆ ಮನೆಗೆ ಬಂದ ಶಿವಲೀಲಾಳಿಗೆ ಅಕ್ಕ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದದ್ದು ಕಂಡಿತು. ಮುಂದೆ ಪುದೀನ ಚಟ್ನಿಯ ಬಟ್ಟಲಿತ್ತು. ಗಂಗಕ್ಕ ಒಂದು ವಾರದಿಂದ ಕೆಲಸಕ್ಕೆ ಹೋಗಿರಲಿಲ್ಲ. ರಜೆ ಹಾಕಿದ್ದೇನೆ ಎಂದಿದ್ದಳು. ಈಗ ತಂಗಿ ಬಿಡದೆ ಕೇಳಿದ ಮೇಲೆ ನಿಜ ಹೊರಬಂತು. ಕಾರ್ಖಾನೆಯಲ್ಲಿ ಅವಳು ಹದ ಮಾಡಿದ ಎರಡು ಸಲದ ಮಸಾಲೆಯೂ ಕೆಟ್ಟಿತ್ತು. ತನಗೆ ವಯಸ್ಸಾಯಿತು, ಮೂಗು ಸತ್ತಿತು ಎಂದು ತಾನೇ ತೀರ್ಮಾನಿಸಿ ಬಂದು ಮನೆಯಲ್ಲಿ ಕೂತಿದ್ದಳು.

"ನೋಡು, ಕಿಟಕಿಯಲ್ಲಿ ನಾನೇ ನೆಟ್ಟ ಪುದೀನ ಇದು," ಎಂದು ಬಟ್ಟಲನ್ನು ಮುಂದೆ ಹಿಡಿದಳು. "ನನಗೆ ಸಬ್ಬಸಿಗೆ ವಾಸನೆ ಬರುತ್ತೆ ಕಣೇ ಲೀಲಾ. ಸಬ್ಬಸಿಗೆ ಬೀಜ ಅರೆದ ಹಾಗೆ."

ಶಿವಲೀಲಾ ಮೂಸಿದಳು. ಸದಾ ನೆಗಡಿಯ ಅವಳ ಮೂಗಿಗೂ ಅದು ಪುದೀನ ಅನ್ನಿಸಲಿಲ್ಲ. ಪುದೀನದ ಘಮಕ್ಕೂ ಸಬ್ಬಸಿಗೆ ಬೀಜದ ಘಮಕ್ಕೂ ಕಾರಣವಾದ ಅಣು ಒಂದೇ ಎಂಬುದು ಅವಳಿಗೆ ಗೊತ್ತಿತ್ತು. ಎಡಗೈಯದಾದರೆ ಪುದೀನ, ಬಲಗೈಯದಾದರೆ ಸಬ್ಬಸಿಗೆ. ವ್ಯತ್ಯಾಸ ಅಷ್ಟೇ. ಮನುಷ್ಯನ ಮೂಗು ಅದನ್ನು ಪತ್ತೆ ಹಚ್ಚುವಷ್ಟು ಸಲೀಸಾಗಿ ಯಾವ ಯಂತ್ರವೂ ಹಚ್ಚುವುದಿಲ್ಲ.

ಮನೆಯಲ್ಲಿ ಇನ್ನೇನಾದರೂ ಬದಲಾಗಿದೆಯೇ ಎಂದು ಅವಳು ಕೇಳಿದಳು. ಗಂಗಕ್ಕ ಯೋಚಿಸಿ, ನಾಲ್ಕು ದಿನದಿಂದ ಮೊಸರು ಕೂತಿಲ್ಲ ಎಂದಳು. ಹೆಪ್ಪು ಹಳತಾಯಿತೇನೋ ಎಂದು ಪಕ್ಕದ ಮನೆಯಿಂದ ಕೇಳಿ ತರಲು ಹೋದರೆ ಅವರ ಮನೆಯಲ್ಲೂ ಅದೇ ಕಥೆ. ಬಡಾವಣೆಯ ಹೆಂಗಸರೆಲ್ಲ ಹಾಲಿನವನ ಜೊತೆ ಜಗಳ ಆಡಿ ಹಾಲನ್ನೇ ಬದಲಾಯಿಸಿದ್ದರು. ಹೊಸ ಹಾಲೂ ಹೆಪ್ಪುಗಟ್ಟದೆ ನೀರಾಗಿ ನಾತ ಬಂದಿತ್ತು.

ಮರುದಿನ ಶಿವಲೀಲಾ ದೇವರಾಜ ಮಾರುಕಟ್ಟೆಯಿಂದ ಪುದೀನದ ಎರಡು ಕಟ್ಟು ತಂದಳು. ಒಂದನ್ನು ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿ ಊರಾಚೆಯ ಗೆಳತಿಯ ಮನೆಯಲ್ಲಿಟ್ಟಳು. ಇನ್ನೊಂದನ್ನು ತಮ್ಮ ಕಿಟಕಿಯ ಕೆಳಗಿಟ್ಟಳು. ಎರಡು ದಿನ ಬಿಟ್ಟು ಎರಡರ ಎಲೆಗಳನ್ನೂ ಹನ್ನೆರಡು ಬಟ್ಟೆಯ ಗಂಟುಗಳಲ್ಲಿ ಕಟ್ಟಿ, ಯಾವುದು ಯಾವುದೆಂದು ತನಗೇ ನೆನಪಿಲ್ಲದಂತೆ ಕಲಸಿ ಅಕ್ಕನ ಮುಂದಿಟ್ಟಳು. ಗಂಗಕ್ಕ ಒಂದೊಂದನ್ನೇ ಮೂಗಿಗೆ ಹಿಡಿದು ಎಡಕ್ಕೆ ಆರು, ಬಲಕ್ಕೆ ಆರು ಇಟ್ಟಳು. ಬಿಚ್ಚಿ ನೋಡಿದರೆ ಒಂದೂ ತಪ್ಪಿರಲಿಲ್ಲ. ಪ್ರಯೋಗಾಲಯದಲ್ಲಿ ಎಲೆಯ ಎಣ್ಣೆ ತೆಗೆದು ಬೆಳಕು ಹಾಯಿಸಿದಾಗ ಮನೆಯ ಎಲೆಯದು ಬೆಳಕನ್ನು ಬಲಕ್ಕೆ ತಿರುಗಿಸಿತು, ಡಬ್ಬಿಯದು ಎಡಕ್ಕೆ.

ತನ್ನ ಮೂಗು ಸತ್ತಿಲ್ಲವೆಂದು ತಿಳಿದು ಗಂಗಕ್ಕನ ಮುಖ ಅರಳಿತು. ಹಾಗಾದರೆ ಕೆಟ್ಟಿರೋದು ಏನು ಎಂದು ಕೇಳಿದಳು. ನಮ್ಮ ಮೈಯ ಪ್ರೋಟೀನುಗಳ ಇಟ್ಟಿಗೆಗಳೂ ಎಲ್ಲ ಎಡಗೈಯವೇ. ಹುಲ್ಲು, ಹುಳು, ಹಸು, ಮನುಷ್ಯ ಎನ್ನದೆ ಭೂಮಿಯ ಮೇಲಿನ ಜೀವವೆಲ್ಲ ಯಾವ ಕಾಲದಿಂದಲೋ ಆ ಒಂದೇ ಕೈಗೆ ಒಗ್ಗಿಕೊಂಡಿದೆ. ಅದನ್ನು ಅಡುಗೆಮನೆಯಲ್ಲಿ ನಿಂತು ಅಕ್ಕನಿಗೆ ಹೇಳುವ ಧೈರ್ಯ ಶಿವಲೀಲಾಳಿಗೆ ಬರಲಿಲ್ಲ.

* * *

ಸಂಶೋಧನಾಲಯದ ನಿರ್ದೇಶಕ ವೃಷಭೇಂದ್ರರು ಅವಳ ವರದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಬೋಪಯ್ಯನನ್ನು ಕರೆಸಿದರು. ಅವರು ಕೆಟ್ಟವರಾಗಿರಲಿಲ್ಲ. ಬಿಸಿಗಾಳಿಯ ಆ ಮೇ ತಿಂಗಳಲ್ಲಿ ಅವರ ತಾಯಿ ಹಜಾರದ ಕುರ್ಚಿಯಲ್ಲಿ ಕೂತಲ್ಲೇ ಪ್ರಾಣ ಬಿಟ್ಟಿದ್ದರು. ತಂಪುಹಾಳೆಯನ್ನು ಮನೆಮನೆಗೆ ಮುಟ್ಟಿಸಲು ಅವರು ಆಮೇಲೆ ಒಂದು ಭಾನುವಾರವೂ ಬಿಡುವು ಪಡೆದವರಲ್ಲ.

ಬೋಪಯ್ಯ ಬಂದು ನಿಂತ. ವರದಿಯನ್ನು ಕೈಗೆ ಕೊಟ್ಟರೆ ಓದಲೇ ಇಲ್ಲ. ತನಗೆ ಗೊತ್ತಿದ್ದದ್ದನ್ನು ತಾನೇ ಹೇಳತೊಡಗಿದ.

"ನನ್ನ ಕೋಣೆಯಲ್ಲಿ ನವೆಂಬರ್‌ನಿಂದ ಎಡಗೈ ಅಣು ಒಂದೂ ಹುಟ್ಟಿಲ್ಲ ಮೇಡಂ. ಏನು ಮಾಡಿದರೂ ಬಲಗೈದೇ ಬರುತ್ತೆ."

ಮೊದಮೊದಲು ಅವನಿಗೆ ಅದು ಹೆಮ್ಮೆಯ ವಿಷಯವಾಗಿತ್ತು. ಎರಡೂ ಕೈಗಳು ಬೆರೆತು ಬರುವುದೇ ರಸಾಯನಶಾಸ್ತ್ರಜ್ಞರ ಹಳೆಯ ಪೀಡೆ. ಒಂದೇ ಕೈಯದು ಬರಲಿ ಎಂದು ಜನ ಜೀವಮಾನವೆಲ್ಲ ತಿಣುಕುತ್ತಾರೆ. ತನಗೆ ಅದು ತಾನಾಗಿ ಒಲಿದಿದೆಯೆಂದು ಬೋಪಯ್ಯ ಪ್ರಬಂಧ ಬರೆಯುತ್ತ ಕೂತಿದ್ದ. ಗಾಜಿನ ಸಾಮಾನನ್ನೆಲ್ಲ ಬದಲಿಸಿದ ಮೇಲೂ ಅದೇ ಆದಾಗ ಹೆದರಿದ. ಆಮ್ಲದಲ್ಲಿ ತೊಳೆದ, ಮದ್ಯಸಾರದಲ್ಲಿ ತೊಳೆದ, ಕುದಿಸಿದ. ಐನೂರು ಡಿಗ್ರಿಯ ಕುಲುಮೆಯಲ್ಲಿ ಸುಟ್ಟದ್ದಷ್ಟೇ ಶುದ್ಧವಾಯಿತು. ಅವನ ಅಣು ಪಕ್ಕದ ಎಡಗೈ ಅಣುವನ್ನು ಹಿಡಿದು ತನ್ನ ಕೈಗೆ ತಿರುಗಿಸುತ್ತಿತ್ತು. ಹಾಗೆ ತಿರುಗಿದವು ಮುಂದಿನವನ್ನು ತಿರುಗಿಸುತ್ತಿದ್ದವು. ಪದರಗಳ ನಡುವಿನ ಪ್ಲಾಸ್ಟಿಕ್ಕಾಗಲಿ, ಕಿಟಕಿಯ ಗಾಜಿನ ಅಂಚಿಗೆ ಬಳಿದ ಅಂಟಾಗಲಿ ಅದನ್ನು ತಡೆದಿರಲಿಲ್ಲ. ಹಾಲಿಗೆ ಹಾಕಿದ ಹೆಪ್ಪಿನ ಹಾಗೆ, ಬೆರಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಉಳಿದರೆ ಸಾಕಾಗಿತ್ತು.

ಯಾಕೆ ಹೇಳಲಿಲ್ಲ ಎಂದು ಶಿವಲೀಲಾ ಕೇಳಿದಳು. ಅವನು ತಲೆ ತಗ್ಗಿಸಿದ. ಅವನಿಗೆ ಮೂವತ್ತೆಂಟು ವರ್ಷ. ಆ ಗಳಿಗೆಯಲ್ಲಿ ಇನ್ನೂ ಚಿಕ್ಕವನಂತೆ ಕಂಡ.

ಹಾಳೆಗಳನ್ನು ಈಗಲೇ ಕೀಳಿಸಿ ಸುಡಬೇಕೆಂದು ಶಿವಲೀಲಾ ಹೇಳಿದಳು. ವೃಷಭೇಂದ್ರರು ಕಿಟಕಿಯ ಕಡೆ ತಿರುಗಿದರು.

"ಹಾಳೆ ಕಿತ್ತರೆ ಏಪ್ರಿಲ್‌ನಲ್ಲೇ ಜನ ಸಾಯ್ತಾರೆ, ಅದು ನನಗೆ ಗೊತ್ತು," ಎಂದರು. "ಕೀಳದೇ ಇದ್ದರೆ ಏನಾಗುತ್ತೆ ಅಂತ ನಿಮಗೆ ಖಂಡಿತ ಗೊತ್ತಾ, ಶಿವಲೀಲಾ ಅವರೇ?"

ಅವಳಿಗೆ ಖಂಡಿತವಾಗಿ ಗೊತ್ತಿರಲಿಲ್ಲ. ಚಟ್ನಿ ಮತ್ತು ಮೊಸರಿನ ಆಧಾರದ ಮೇಲೆ ನಲವತ್ತೊಂದು ಸಾವಿರ ಮನೆಗಳನ್ನು ಬಿಸಿಲಿಗೊಡ್ಡಲು ತಾವು ಸಿದ್ಧರಿಲ್ಲವೆಂದು ಅವರು ಹೇಳಿದರು. ಎರಡು ವಾರ ಕೊಡುತ್ತೇನೆ, ಪುರಾವೆ ತನ್ನಿ ಎಂದರು. ಹೊಸ ಹಾಳೆ ಅಂಟಿಸುವುದನ್ನು ಮಾತ್ರ ಆ ದಿನವೇ ನಿಲ್ಲಿಸಿದರು.

* * *

ಪುರಾವೆ ಮನೆಯಲ್ಲೇ ಸಿಕ್ಕಿತು. ಗಂಗಕ್ಕ ಸೊರಗುತ್ತಿದ್ದಳು. ಹೊತ್ತು ಹೊತ್ತಿಗೆ ಉಣ್ಣುತ್ತಿದ್ದಳು, ಮೊದಲಿಗಿಂತ ಒಂದು ಹಿಡಿ ಹೆಚ್ಚೇ ಉಣ್ಣುತ್ತಿದ್ದಳು, ಆದರೂ ರವಿಕೆಯ ತೋಳು ಜೋಲತೊಡಗಿತ್ತು. ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿ ಚಂದ್ರಗಿರಿಯ ಹತ್ತೊಂಬತ್ತು ಜನ ಆಗಲೇ ಮಲಗಿದ್ದರು. ಹೆಚ್ಚಿನವರು ವಯಸ್ಸಾದವರು, ಮನೆಯಲ್ಲೇ ಇರುವವರು. ಇಬ್ಬರು ಬಾಣಂತಿಯರು. ರಕ್ತದಲ್ಲಿ ಪ್ರೋಟೀನು ತೀರ ಇಳಿದಿತ್ತು, ಬರಗಾಲದಲ್ಲಿ ಹಸಿದವರ ಹಾಗೆ. ಡಾಕ್ಟರಿಗೆ ತಲೆಬುಡ ತಿಳಿದಿರಲಿಲ್ಲ. ಊಟ ಮಾಡುತ್ತಿದ್ದಾರೆ, ಮೈಗೆ ಹತ್ತುತ್ತಿಲ್ಲ ಎಂದಷ್ಟೇ ಅವರು ಹೇಳಿದ್ದು. ಶಿವಲೀಲಾಳಿಗೆ ಆ ಮಾತು ಅಕ್ಷರಶಃ ಕೇಳಿಸಿತು. ಬೇಳೆ, ಹಾಲು, ಮೊಳಕೆಕಾಳು ಎಲ್ಲವೂ ಮನೆಯ ಡಬ್ಬಿಗಳಲ್ಲೇ ಬಲಗೈಗೆ ತಿರುಗಿದ್ದವು. ರುಚಿಯಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ಎಡಗಾಲಿಗೆ ಬಲಗಾಲಿನ ಚಪ್ಪಲಿಯಂತೆ ಮೈ ಅದನ್ನು ಹಾಕಿಕೊಳ್ಳಲಾರದೆ ಹೊರಗೆ ತಳ್ಳುತ್ತಿತ್ತು.

ಅಕ್ಕನನ್ನು ಅವಳು ಮನೆಗೆ ಕರೆತರಲಿಲ್ಲ. ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಹಳೆಯ ಬಟ್ಟೆ ಚೀಲಗಳನ್ನೆಲ್ಲ ಬಿಟ್ಟು, ಊದುಬತ್ತಿ ಕಾರ್ಖಾನೆಯ ಮೇಲಿನ ಕೋಣೆಯಲ್ಲಿರಿಸಿದಳು. ಆ ಬೀದಿಯಲ್ಲಿ ಒಂದು ಕಿಟಕಿಗೂ ತಂಪುಹಾಳೆ ಇರಲಿಲ್ಲ. ಸಾಹುಕಾರರು ಸಂತೋಷದಿಂದಲೇ ಒಪ್ಪಿದರು. ಮೊದಲ ವಾರ ಗಂಗಕ್ಕ ಚೇತರಿಸಿಕೊಂಡಳು. ಕೆಳಗಿಳಿದು ಬಂದು ಹುಡುಗಿಯರು ಬತ್ತಿ ಹೊಸೆಯುವುದನ್ನು ನೋಡುತ್ತ ಕೂರುತ್ತಿದ್ದಳಂತೆ. ಹನ್ನೆರಡನೆಯ ದಿನ ಮಧ್ಯಾಹ್ನ ಶಿವಲೀಲಾಳಿಗೆ ಅವಳ ಫೋನ್ ಬಂತು.

ಮಾತು ಸಮಾಧಾನವಾಗಿಯೇ ಇತ್ತು. ಬೆಳಿಗ್ಗೆ ಎಣ್ಣೆಯ ಜಾಡಿಗಳನ್ನು ತೆರೆದೆ, ಮೂರು ಜಾಡಿ ತಿರುಗಿವೆ ಎಂದಳು. ತಾನು ದಿನವೂ ಕೂರುವ ಬೆಂಚಿನ ಪಕ್ಕದವೇ ಆ ಮೂರು. ದೂರದ ಗೋಡೆಯವು ಇನ್ನೂ ಸರಿಯಾಗಿವೆ.

"ಇಲ್ಲಿ ಹಾಳೆ ಇಲ್ಲ ಲೀಲಾ. ಇರೋದು ನಾನು," ಎಂದಳು. ಸ್ವಲ್ಪ ತಡೆದು, "ನಾನೇ ಹೆಪ್ಪು ಕಣೇ. ಬಂದು ನನ್ನನ್ನ ವಾಪಸ್ ಕರ್ಕೊಂಡು ಹೋಗು. ಇಲ್ಲಿ ಹೆಣ್ಣುಮಕ್ಕಳಿದಾರೆ" ಎಂದಳು.

ಶಿವಲೀಲಾ ನೆಟ್ಟಗೆ ನಿರ್ದೇಶಕರ ಕೋಣೆಗೆ ಹೋದಳು. ಏನು ಹೇಳಿದಳೆಂಬುದು ಆಮೇಲೆ ಅವಳಿಗೆ ನೆನಪಿರಲಿಲ್ಲ. ವೃಷಭೇಂದ್ರರು ಎದ್ದು ನಿಂತದ್ದು, ಮೇಜಿನ ಅಂಚನ್ನು ಹಿಡಿದುಕೊಂಡದ್ದು ನೆನಪಿತ್ತು. ಆ ಸಂಜೆಯೇ ಅವರು ಪತ್ರಕರ್ತರನ್ನು ಕರೆದು ತಪ್ಪು ತಮ್ಮದೆಂದು ಒಪ್ಪಿಕೊಂಡು, ಹಾಳೆಗಳನ್ನು ಕಿತ್ತು ಸುಡುವಂತೆ ಊರಿಗೆ ಮೊರೆಯಿಟ್ಟರು.

* * *

ವೃಷಭೇಂದ್ರರು ಹೆದರಿದ್ದೇ ಆಯಿತು. ಏಪ್ರಿಲ್ ಕೊನೆಯ ವಾರ ಬಿಸಿಗಾಳಿ ಎದ್ದಿತು. ಹಾಳೆ ಕಿತ್ತ ಮನೆಗಳಲ್ಲಿ ಸಾವು ಶುರುವಾಯಿತು. ದಿನದಿನದ ಹೆಸರುಗಳನ್ನು ವೃಷಭೇಂದ್ರರು ತಾವೇ ತರಿಸಿಕೊಂಡು ಓದುತ್ತಿದ್ದರು. ಆಮೇಲೆ ಉಳಿದವರು ಹಾಳೆ ಕೀಳಲು ಒಪ್ಪಲಿಲ್ಲ. ಸೊರಗಿ ಸಾಯುವುದು ನಿಧಾನ, ಬಿಸಿಲಿಗೆ ಸಾಯುವುದು ಇವತ್ತೇ ಎಂದು ಒಬ್ಬ ಮುದುಕ ಬಾಗಿಲಲ್ಲಿ ಕೋಲು ಹಿಡಿದು ನಿಂತ.

ಹೆಪ್ಪು ಎಲ್ಲಿಯವರೆಗೆ ಹೋಗಿದೆಯೆಂದು ತಿಳಿಯುವುದೇ ಮೊದಲ ಕೆಲಸವಾಯಿತು. ಯಂತ್ರದಲ್ಲಿ ಒಂದು ಮನೆ ಪರೀಕ್ಷಿಸಲು ಇಡೀ ದಿನ ಬೇಕಿತ್ತು. ಚಂದ್ರಗಿರಿಯ ಮನೆಗೆ ಮರಳಿದ್ದ ಗಂಗಕ್ಕ ತಾನೇ ಮಾಡುತ್ತೇನೆಂದಳು. ದೂರದ ಜಿಲ್ಲೆಯಿಂದ ಮುಚ್ಚಿದ ಡಬ್ಬಿಗಳಲ್ಲಿ ಪುದೀನ ತರಿಸಿ, ಬೀದಿಗೊಂದು ಮನೆಯಂತೆ ಒಂದೊಂದು ಹಿಡಿ ಇಡುತ್ತಿದ್ದರು. ಎರಡು ದಿನ ಬಿಟ್ಟು, ಬೀದಿಗೆ ಬಾರದೆ ದೂರದಲ್ಲೇ ನಿಂತ ಜೀಪಿನ ಮುಂದಿನ ಸೀಟಿನಲ್ಲಿ ದಿಂಬಿಗೊರಗಿ ಕೂತ ಗಂಗಕ್ಕನ ಕೈಗೆ ಆ ಎಲೆಗಳನ್ನು ತಂದು ಕೊಡುತ್ತಿದ್ದರು. ಅವಳು ಮೂಸಿ, ಕೆಂಪು ಅಥವಾ ಹಸಿರು ಎಂದರೆ ಆ ಬೀದಿಯ ಬಾಗಿಲುಗಳ ಮೇಲೆ ಆ ಬಣ್ಣದ ಗುರುತು ಬೀಳುತ್ತಿತ್ತು. ಬೋಪಯ್ಯ ಜೀಪು ಓಡಿಸುತ್ತಿದ್ದ. ಅವನು ಯಾರ ಜೊತೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಮನೆಯ ಮುಂದೆ ಗಂಗಕ್ಕ ಇಳಿಯುವಾಗ ಮಾತ್ರ ಓಡಿ ಬಂದು ಕೈ ಹಿಡಿಯುತ್ತಿದ್ದ. ಒಂದು ದಿನ ಅವನು ಕ್ಷಮೆ ಕೇಳಲು ಬಂದಾಗ ಅವಳು, ಗಾಡಿ ನೆರಳಿಗೆ ಹಾಕಪ್ಪ, ಬಿಸಿಲು ಹೊಡೀತಿದೆ ಎಂದಷ್ಟೇ ಅಂದಳು.

ಐದು ವಾರದಲ್ಲಿ ನಕ್ಷೆ ಮುಗಿಯಿತು. ಕೆಂಪು ಗುರುತುಗಳು ಒಂದು ವರ್ತುಲದೊಳಗೆ ಇದ್ದವು, ಹೊರಗೆ ಎಲ್ಲವೂ ಹಸಿರು. ಸರ್ಕಾರ ಆ ವರ್ತುಲದಾಚೆಗೆ ಇಪ್ಪತ್ತು ಕಿಲೋಮೀಟರ್ ಬಿಟ್ಟು ರಸ್ತೆಗಳಿಗೆ ಗೇಟು ಹಾಕಿತು. ಒಳಗಿನವರು ಹೊರಗೆ ಹೋಗುವಂತಿಲ್ಲ, ಒಳಗಿನ ಸಾಮಾನು ಹೊರಗೆ ಹೋಗುವಂತಿಲ್ಲ. ಕೊಳ್ಳೇಗಾಲದ ಕಡೆಯ ಹಳ್ಳಿಗಳಿಂದ ದಿನವೂ ಹನ್ನೊಂದು ಗಂಟೆಗೆ ಊಟದ ಲಾರಿಗಳು ಬರತೊಡಗಿದವು. ಅನ್ನ, ಸಾರು, ಪಲ್ಯ ಎಲ್ಲ ಬಿಗಿಯಾಗಿ ಮುಚ್ಚಿದ ಡಬ್ಬಿಗಳಲ್ಲಿ. ಮುಚ್ಚಳ ತೆಗೆದ ಒಂದು ಗಂಟೆಯೊಳಗೆ ಉಂಡುಬಿಡಬೇಕು, ಉಳಿದದ್ದನ್ನು ಎತ್ತಿಡಬಾರದು.

ಜನ ಎಲ್ಲಕ್ಕೂ ಒಗ್ಗಿಕೊಳ್ಳುತ್ತಾರೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕೂಡ ಮುಟ್ಟದಿರುವುದು ಮರ್ಯಾದೆಯಾಯಿತು. ಅರಿಸಿನ ಕುಂಕುಮಕ್ಕೆ ಕರೆದವರು ಹೊಸಿಲಾಚೆಯಿಂದ ಕೈಮುಗಿದು ಕಳಿಸುತ್ತಿದ್ದರು. ಊಟವಿಲ್ಲದ ಮದುವೆಗಳು ನಡೆದವು. ಹನ್ನೊಂದರ ಲಾರಿಗೆ ತಕ್ಕಂತೆ ಶಾಲೆಯ ಗಂಟೆ ಬದಲಾಯಿತು. ಊರ ಹೊರಗಿನ ಇಟ್ಟಿಗೆ ಗೂಡುಗಳಲ್ಲಿ ಹಗಲೆಲ್ಲ ಹಾಳೆ, ಹಾಸಿಗೆ, ಪಾತ್ರೆ, ಪುಸ್ತಕ ಉರಿಯುತ್ತಿದ್ದವು. ಅದರ ಬೂದಿ ಬಟ್ಟೆ ಒಣಹಾಕಿದ ಹಗ್ಗದ ಮೇಲೆ ಕೂರುತ್ತಿತ್ತು. ಜೂನ್ ಹೊತ್ತಿಗೆ ಗಂಗಕ್ಕನ ಕೆನ್ನೆಯಲ್ಲಿ ಒಂದಿಷ್ಟು ಮಾಂಸ ಬಂದಿತ್ತು. ಡಬ್ಬಿಯ ಸಾರಿಗೆ ಒಗ್ಗರಣೆಯೇ ಸಾಲದು, ಇಂಗು ಹಾಕಲು ಇವರಿಗೆ ಏನು ದಾಡಿ ಎಂದು ಗೊಣಗಿದ ದಿನ ಶಿವಲೀಲಾ ಬಚ್ಚಲಿಗೆ ಹೋಗಿ ಸದ್ದಿಲ್ಲದೆ ಅತ್ತಳು. ಅಕ್ಕ ಬದುಕುತ್ತಾಳೆಂದು ಅವಳಿಗೆ ಮೊದಲ ಸಲ ಅನ್ನಿಸಿದ್ದು ಆಗಲೇ.

* * *

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಟಿ. ನರಸೀಪುರದ ಕಡೆಯ ಗೇಟಿನಿಂದ ಪೊಲೀಸರು ಅವಳಿಗೆ ಫೋನ್ ಮಾಡಿದರು. ಯಾರೋ ಹೆಂಗಸು ಹೊರಗಿನಿಂದ ಬಂದು ನಿಂತಿದ್ದಾಳೆ, ವಿಜ್ಞಾನಿಗಳನ್ನೇ ನೋಡಬೇಕು ಅಂತಾಳೆ, ಏನು ಹೇಳಿದರೂ ಹೋಗುತ್ತಿಲ್ಲ ಎಂದರು. ಶಿವಲೀಲಾ ಬೋಪಯ್ಯನ ಜೊತೆ ಜೀಪಿನಲ್ಲಿ ಹೋದಳು.

ಅಡ್ಡಗಂಬದಾಚೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಿದಿರಿನ ತಟ್ಟೆಯೊಂದನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಹೆಸರು ಪುಟ್ಟಮಾದಮ್ಮ ಎಂದಳು. ರೇಷ್ಮೆ ಸಾಕುವವಳು. ತಟ್ಟೆಯ ಮೇಲಿನ ಬಟ್ಟೆ ಸರಿಸಿ ತೋರಿಸಿದಳು. ಹಸಿ ಹಸಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಅಕ್ಕಿಕಾಳಿನಷ್ಟೇ ದಪ್ಪದ ಹುಳಗಳು ಹರಿದಾಡುತ್ತಿದ್ದವು. ಸೊಪ್ಪಿನ ಅಂಚುಗಳನ್ನು ಕಡಿದಿದ್ದವು.

"ಮೊಟ್ಟೆ ಒಡೆದು ಇಪ್ಪತ್ತೆರಡು ದಿನ ಆಯ್ತು ಕಣವ್ವ," ಎಂದಳು. "ಇಷ್ಟೊತ್ತಿಗೆ ನಾಕು ಜ್ವರ ಮುಗಿಸಿ ಗೂಡು ಕಟ್ಟಬೇಕಿತ್ತು. ಒಂದನೇ ಜ್ವರನೇ ದಾಟಿಲ್ಲ. ಹಗಲೂ ರಾತ್ರಿ ತಿಂತವೆ. ಬೆಳೆಯದಿಲ್ಲ."

ಹುಳ ಪೊರೆ ಬಿಡುವ ಮುನ್ನ ಮಂಕಾಗಿ ಮಲಗುವುದನ್ನು ಆ ಕಡೆಯವರು ಜ್ವರ ಎನ್ನುವುದು ಶಿವಲೀಲಾಳಿಗೆ ಗೊತ್ತಿತ್ತು. ನಿಮ್ಮೂರಿಗೆ ಮೈಸೂರಿನಿಂದ ಯಾರಾದರೂ ಬಂದಿದ್ದರೇ ಎಂದು ಕೇಳಿದಳು. ಮೈಸೂರು ಮುಚ್ಚಿದ ಮೇಲೆ ಯಾರೂ ಬಂದಿಲ್ಲ ಎಂದಳು. ಯಾರ ಮನೆಗಾದರೂ ತಂಪುಹಾಳೆ ಇದೆಯೇ ಎಂದರೆ, ನಮ್ಮೂರಲ್ಲಿ ಕಿಟಕಿಗೆ ಗಾಜೇ ಇಲ್ಲ ಎಂದಳು. ಊರು ಕೊಳ್ಳೇಗಾಲ ದಾಟಿ ಬೆಟ್ಟದ ಬುಡದಲ್ಲಿತ್ತು. ಗೇಟಿನಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು. ಅಲ್ಲಿಯವರೆಗೆ ಅದು ಗಾಳಿಯಲ್ಲಿ ಹೋಯಿತೋ, ನದಿಯಲ್ಲಿ ಹೋಯಿತೋ, ಮರಳುವ ಊಟದ ಲಾರಿಗಳ ಜೊತೆ ಹೋಯಿತೋ, ಇಟ್ಟಿಗೆ ಗೂಡಿನ ಬೂದಿಯಲ್ಲಿ ಸರಿಯಾಗಿ ಸುಡದೆ ಉಳಿದದ್ದರ ಜೊತೆ ಹೋಯಿತೋ ಯಾರು ಬಲ್ಲರು. ತಮ್ಮ ಊರೊಂದೇ ಅಲ್ಲ, ಸುತ್ತಲಿನ ಊರುಗಳಲ್ಲೂ ಹುಳ ಹೀಗೇ ಇವೆ ಎಂದು ಪುಟ್ಟಮಾದಮ್ಮ ಹೇಳಿದಳು. ಶಿವಲೀಲಾ ಆ ಊರುಗಳ ಹೆಸರನ್ನು ಕೇಳಿ ಕೇಳಿ ಬರೆದುಕೊಂಡಳು. ಪಟ್ಟಿ ಎರಡನೆಯ ಪುಟಕ್ಕೆ ಹೋಯಿತು. ಊಟದ ಡಬ್ಬಿಗಳ ಮೇಲೆ ದಿನವೂ ಓದುತ್ತಿದ್ದ ಹೆಸರುಗಳು ಅದರಲ್ಲಿದ್ದವು.

ಬೋಪಯ್ಯ ಅವಳ ಹೆಗಲ ಮೇಲಿನಿಂದ ಪಟ್ಟಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ.

"ಗೇಟು ತೆಗೀರಿ, ಅವರು ಒಳಗೆ ಬರಲಿ," ಎಂದು ಶಿವಲೀಲಾ ಪೊಲೀಸಿನವನಿಗೆ ಹೇಳಿದಳು. ತನಗೆ ಹಾಗೆ ಅಪ್ಪಣೆ ಇಲ್ಲ ಎಂದು ಅವನು ಅಡ್ಡಗಂಬದ ಮೇಲೆ ಕೈಯಿಟ್ಟ. "ಹಾಕಿದ್ದರೂ ಒಂದೇ, ತೆಗೆದರೂ ಒಂದೇ ಕಣಪ್ಪ," ಎಂದಳು. ಅವನು ಅವಳ ಮುಖವನ್ನು ನೋಡಿ ಕಂಬವನ್ನು ಎತ್ತಿದ. ಪುಟ್ಟಮಾದಮ್ಮ ಒಳಗೆ ಬಂದು, ಹುಳದ ತಟ್ಟೆಯನ್ನು ಜೀಪಿನ ನೆರಳಿನಲ್ಲಿ ಇಳಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡಳು.

ಆಗ ತಿರುವಿನಲ್ಲಿ ಊಟದ ಲಾರಿಗಳು ಕಾಣಿಸಿದವು. ಒಂದರ ಹಿಂದೊಂದು ಒಂಬತ್ತು ಲಾರಿ. ಗೇಟು ತೆರೆದಿದ್ದನ್ನು ಕಂಡು ಮುಂದಿನ ಲಾರಿಯವನು ವೇಗ ತಗ್ಗಿಸಲಿಲ್ಲ. ಶಿವಲೀಲಾ ರಸ್ತೆಯ ನಡುವೆ ಹೋಗಿ ನಿಂತು ಕೈ ಎತ್ತಿದಳು. ಲಾರಿ ಕಿರುಚಿಕೊಂಡು ಹತ್ತು ಮಾರು ದೂರದಲ್ಲಿ ನಿಂತಿತು. ಹಿಂದಿನವೂ ನಿಂತವು. ದಿನವೂ ಅವಳನ್ನು ಕಂಡು ನಮಸ್ಕಾರ ಹೇಳುತ್ತಿದ್ದ ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾಕೆ ಮೇಡಂ ಎಂದ. ಈ ಊಟ ಒಳಗೆ ಹೋಗಬಾರದು ಎಂದು ಅವಳು ಹೇಳಿದಳು.

ಅವನು ಇಂಜಿನ್ ಆರಿಸಿ ಕೆಳಗಿಳಿದು ಬಂದ. ಬೆಟ್ಟದ ಬುಡದ ಹೆಂಗಸನ್ನೂ, ಅವಳ ತಟ್ಟೆಯನ್ನೂ, ಕಲ್ಲಿನ ಮೇಲೆ ತಲೆ ಹಿಡಿದು ಕೂತಿದ್ದ ಬೋಪಯ್ಯನನ್ನೂ ನೋಡಿದ.

"ಇದನ್ನ ನಿಲ್ಲಿಸಿದರೆ ಜನ ಏನು ತಿಂತಾರೆ ಮೇಡಂ?"

ಹಿಂದಿನ ಲಾರಿಯವರು ಹಾರನ್ ಹೊಡೆಯತೊಡಗಿದರು. ಊರಿನಲ್ಲಿ ಆ ಹೊತ್ತಿಗೆ ಶಾಲೆಯ ಗಂಟೆ ಬಾರಿಸಿರುತ್ತದೆ. ಗಂಗಕ್ಕ ತಟ್ಟೆ ತೊಳೆದು ಜಗಲಿಯ ಮೇಲೆ ಬಂದು ಕೂತಿರುತ್ತಾಳೆ. ಎತ್ತಿದ ಕೈಯನ್ನು ಶಿವಲೀಲಾ ಇಳಿಸಲಿಲ್ಲ.